ಅಮ್ಮನಿಗೆ ತವರಿನ ಚಿತ್ರ ಬರೆಸುವ ಮುಂಚೆ

ಅಮ್ಮನ 70ನೇ ಹುಟ್ಟುಹಬ್ಬಕ್ಕೆ ಅವರ ತವರುಮನೆಯ ಚಿತ್ರ ಬೇಕು ಅಂತ ಬೆಂಗಳೂರಿನ ಒಬ್ಬರು ಫೋಟೊ ಕಳಿಸಿದ್ದರು. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಹೆಂಚಿನ ಮನೆ, ಅಂಗಳ, ಅಂಗಳದಲ್ಲೊಂದು ಕಾರು. ನಾನು ಕೇಳಿದ್ದು ಒಂದೇ: ನಿಮ್ಮ ಅಮ್ಮ ಎಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು?

ಅವರಿಗೆ ಗೊತ್ತಿರಲಿಲ್ಲ. ಅಮ್ಮನನ್ನೇ ಕೇಳಿದರೆ ಗುಟ್ಟು ರಟ್ಟಾಗುತ್ತೆ ಅಲ್ವಾ, ಹಾಗಾಗಿ ಸೋದರಮಾವನಿಗೆ ಫೋನ್ ಮಾಡಿದರು. ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲು ಅಂದರಂತೆ ಮಾವ. ಅಲ್ಲಿಂದ ಎಡಕ್ಕೆ ಬಚ್ಚಲುಮನೆ, ಕೆಳಗೆ ಅಡಿಕೆ ತೋಟ, ಅದರಾಚೆ ಗುಡ್ಡ. ಕೊನೆಗೆ ಮನೆಯ ಮುಂಭಾಗ ಚಿತ್ರಕ್ಕೆ ಬರಲೇ ಇಲ್ಲ.

ಚಿತ್ರ ಬರೆಸುವವರು ಮೊದಲು ಈ ಜಾಗ ಹುಡುಕಿಕೊಂಡು ಬನ್ನಿ. ಅಳತೆ, ದುಡ್ಡು ಆಮೇಲೆ ಮಾತಾಡೋಣ.

ಫೋಟೊ ಬೇಕು, ಆದರೆ ಅದನ್ನೇ ನಂಬಬಾರದು. ಮೊಬೈಲಿನ ಅಗಲ ಲೆನ್ಸಿನಲ್ಲಿ ಎದುರಿಗೇ ನಿಂತಂತಿರುವ ಗುಡ್ಡ ಎಲ್ಲೋ ದೂರದ ದಿಬ್ಬದ ಹಾಗೆ ಕಾಣುತ್ತದೆ, ತೋಟದ ನೆರಳೆಲ್ಲ ಬರೀ ಕಪ್ಪಾಗುತ್ತದೆ. ಸ್ವಲ್ಪ ಝೂಮ್ ಮಾಡಿ ಬೆಳಗ್ಗೆ ಒಂದು, ಸಂಜೆ ಒಂದು ತೆಗೆಯಿರಿ. ಯಾವ ತಿಂಗಳ ನೆನಪು ಅಂತಲೂ ಹೇಳಿ. ಮಲೆನಾಡಿನ ಹಸಿರು ತಿಂಗಳಿಗೊಂದು ಥರ. ಟ್ಯೂಬಿನ ಹಸಿರು ಹಾಗೇ ಹಚ್ಚಿದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, ಅದಕ್ಕೆ ನಾನು ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ ಚಿಟಿಕೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಹಾಕುತ್ತೇನೆ, ದೂರ ಹೋದಷ್ಟೂ ನೀಲಿ ಜಾಸ್ತಿ. ಮೈಸೂರಿನ ಹಿರಿಯ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ಒಮ್ಮೆ ನಿಧಾನವಾಗಿ ನೋಡಿ, ದೂರ ಅನ್ನೋದು ಬಣ್ಣದಲ್ಲಿ ಹೇಗೆ ಬರುತ್ತದೆ ಅಂತ ಗೊತ್ತಾಗುತ್ತದೆ.

ಪೆನ್ಸಿಲ್ ಸ್ಕೆಚ್ಚನ್ನು ಮಾವನಿಗೆ ಕಳಿಸಿದೆವು. "ಬಚ್ಚಲ ಹೊಗೆ ಎಲ್ಲಿ? ಮಳೆಗಾಲ ಅಂದ್ರೆ ಗೊನೆಗೆ ಕೊಟ್ಟೆ ಕಟ್ಟಿರಬೇಕಲ್ಲ?" ಅಂದರು. ಕೊಟ್ಟೆ ಅಂದರೆ ಅಡಿಕೆ ಗೊನೆಗೆ ಮಳೆ ತಾಗದಂತೆ ಕಟ್ಟುವ ಹೊದಿಕೆ. ಎಂಥ ಒಳ್ಳೆ ಕಣ್ಣು! ಹಂಡೆ ಒಲೆಯ ಹೊಗೆ ಮಳೆಯ ದಿನ ನೆಟ್ಟಗೆ ಮೇಲೇಳುವುದಿಲ್ಲ, ಹೆಂಚಿನ ಸಂದಿಯಲ್ಲಿ ನುಸುಳಿ ಮಾಡಿನ ಮೇಲೇ ಹರಡುತ್ತದೆ. ತೆಳು ಬೂದುಬಣ್ಣ ಹಚ್ಚಿ, ಹಸಿ ಇರುವಾಗಲೇ ಹಳೇ ಪಂಚೆಯ ತುಂಡಿನಲ್ಲಿ ಒರೆಸಿ ತೆಗೆದೆ. ಮೂರು ಸಲ ಮಾಡಿದ ಮೇಲೆ ಸರಿಹೋಯಿತು. ಅಮ್ಮ ಚಿತ್ರ ನೋಡಿ ಮೊದಲು ಬೆರಳಿಟ್ಟಿದ್ದು ಆ ಹೊಗೆಯ ಮೇಲೆ.

ಎಣ್ಣೆಬಣ್ಣ ಬೇಕಿದ್ದರೆ ಎರಡು ತಿಂಗಳು ಮುಂಚೆಯೇ ಹೇಳಿ. ಮುಟ್ಟುವಷ್ಟು ಒಣಗಲಿಕ್ಕೇ ವಾರಗಟ್ಟಲೆ ಬೇಕು, ವಾರ್ನಿಶ್ ಸಾಮಾನ್ಯವಾಗಿ 6 ತಿಂಗಳ ನಂತರವೇ. ಅವಸರ ಇದ್ದರೆ ಅಕ್ರಿಲಿಕ್. ವಿದೇಶಕ್ಕೆ ಕಳಿಸುವುದಾದರೆ ಚೆನ್ನಾಗಿ ಒಣಗಿದ ಕ್ಯಾನ್ವಾಸನ್ನು ಬಣ್ಣದ ಮುಖ ಹೊರಗೆ ಬರುವಂತೆ ದಪ್ಪ ಕೊಳವೆಗೆ ಸುತ್ತಬೇಕು. ಬಣ್ಣದ ಮುಖ ಒಳಗೆ ಬರುವಂತೆ ಸುತ್ತಿದರೆ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ. ಮಲೆನಾಡಿನಲ್ಲೇ ತೂಗುಹಾಕುವುದಾದರೆ ಚೌಕಟ್ಟಿನ ಹಿಂದಿನ ಮೂಲೆಗಳಿಗೆ ಕಾರ್ಕಿನ ಚೂರು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ.