ಹೊಟ್ಟು ಉರಿದ ಮೇಲಿನ ಬೂದಿ

ಗಂಗಾವತಿ, ಕಾರಟಗಿ ಕಡೆ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವವರು ಮೊದಲು ಗಾಳಿಯ ದಿಕ್ಕು ನೋಡುತ್ತಾರೆ. ಅಕ್ಕಿ ಗಿರಣಿಯ ಚಿಮಣಿ ಇರುವ ಕಡೆಯಿಂದ ಬೀಸುತ್ತಿದ್ದರೆ ಹಪ್ಪಳಕ್ಕೆ ಕರಿಬೂದಿ ಖಚಿತ. ಈ ಬೂದಿಯ ತಕರಾರು ಬಿಡಿಸಲು ಬಾಯ್ಲರ್‌ನಿಂದಲೇ ಶುರುಮಾಡಬೇಕು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು, ಎಡದಂಡೆ ಕಾಲುವೆಗೆ ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಬೆನ್ನಿಗೇ ಗಿರಣಿಗಳು ಎದ್ದವು. (ಕಾಲುವೆ ಯೋಜಿಸಿದವರ ಲೆಕ್ಕದಲ್ಲಿ ಇಷ್ಟೊಂದು ಭತ್ತ ಇರಲಿಲ್ಲ, ಆ ಕಥೆ ಬೇರೆ.) ಕ್ವಿಂಟಲ್ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು ಬೀಳುತ್ತದೆ. ಅದಕ್ಕೆ ಬೆಲೆ ಕೊಟ್ಟದ್ದು ಬಾಯ್ಲರ್. ಆವಿಯಲ್ಲಿ ಬೆಂದ ಭತ್ತದ ಒಳಗಿನ ಪಿಷ್ಟ ಅಂಟಾಗಿ ಕಾಳಿನ ಬಿರುಕು ಮುಚ್ಚುತ್ತದೆ, ನುಚ್ಚು ಕಡಿಮೆಯಾಗುತ್ತದೆ. ಭತ್ತವನ್ನು ಅದರದೇ ಹೊಟ್ಟಿನಿಂದ ಬೇಯಿಸಬಹುದೆಂದರೆ ಯಾವ ಮಾಲೀಕ ಬೇಡವೆಂದಾನು?

ಒಳಗಿನ ಕೆಲಸ ಸರಳ, ಆದರೆ ಸಲೀಸಲ್ಲ. ಬಯಲಿನಲ್ಲಿ ಕುದಿದ ನೀರು ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬಾಯ್ಲರ್‌ನಲ್ಲಿ ಹಿಗ್ಗಲು ಜಾಗವಿಲ್ಲ, ಒತ್ತಡ ಏರುತ್ತದೆ. ಮಿತಿ ಮೀರಿದರೆ ಸೇಫ್ಟಿ ವಾಲ್ವ್ ತೆರೆದುಕೊಳ್ಳಬೇಕು. ಆಪರೇಟರ್‌ನ ಕಣ್ಣು ಮಾತ್ರ ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯ ಮೇಲೆ. ನೀರು ಇಳಿದರೆ ಕೊಳವೆಗಳು ಕೆಂಪಗೆ ಕಾಯುತ್ತವೆ, ಆಗ ಗಾಬರಿಯಿಂದ ತಣ್ಣೀರು ಬಿಡುವುದು ಎಲ್ಲಕ್ಕಿಂತ ಅಪಾಯ. ನಮ್ಮ ಬೋರ್‌ವೆಲ್‌ನ ಗಡಸು ನೀರು ಸಾಲದ್ದಕ್ಕೆ ಸುಣ್ಣದ ಪದರ ಕಟ್ಟಿ ಕೊಳವೆಯನ್ನು ಇನ್ನಷ್ಟು ಸುಡುತ್ತದೆ.

ಕಾನೂನು ಹುಟ್ಟಿದ್ದು ಈ ಸ್ಫೋಟದ ಭಯದಿಂದ. 1923ರ ಬಾಯ್ಲರ್ ಕಾಯ್ದೆಯೂ ಅದರ ಜಾಗಕ್ಕೆ ಬಂದ 2025ರ ಕಾಯ್ದೆಯೂ ನೋಡುವುದು ಪಾತ್ರೆಯ ಗಟ್ಟಿತನವನ್ನು. ಚಿಮಣಿ ಇನ್ನೊಂದು ಇಲಾಖೆಯ ಕಡತ. ಹೊಟ್ಟಿನ ತೂಕದ ಸುಮಾರು ಐದನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದಲ್ಲ, ಅದನ್ನು ಕೇಳುವವರು ಎರಡೂ ಕಡೆ ಕಡಿಮೆ.

ಪಕ್ಕದ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲ ವಿದ್ಯುತ್ ಸ್ಥಾವರದಲ್ಲೂ 1985ರಿಂದ ಉರಿಯುತ್ತಿರುವುದು ಬಾಯ್ಲರ್‌ಗಳೇ, ಗಾತ್ರ ಮಾತ್ರ ಬೆಟ್ಟದಷ್ಟು. ಆ ಕಲ್ಲಿದ್ದಲ ಬೂದಿ ಹೇಗೆ ಬಳಕೆಯಾಗಬೇಕೆಂದು 1999ರಲ್ಲೇ ಕೇಂದ್ರದ ಅಧಿಸೂಚನೆ ಬಂತು. ಹೊಟ್ಟಿನ ಬೂದಿಗೂ ಗಿರಾಕಿಗಳಿಲ್ಲದಿಲ್ಲ: ಅದರ ಬಹುಪಾಲು ಸಿಲಿಕಾ, ಕರಗಿದ ಉಕ್ಕಿನ ಶಾಖ ಹಾರದಂತೆ ಮೇಲೆ ಹೊದಿಸಲು ಉಕ್ಕಿನ ಕಾರ್ಖಾನೆಗಳು ಅದನ್ನು ಬಳಸುತ್ತವೆ. ಅಷ್ಟು ದೂರ ಸಾಗಿಸುವ ಬಾಡಿಗೆ ಯಾರು ಕೊಡಬೇಕೆಂಬುದು ತೀರ್ಮಾನವಾಗದ ಕಡೆ, ಬೂದಿ ಹೇರಿದ ಟ್ರ್ಯಾಕ್ಟರ್ ಕತ್ತಲಾದ ಮೇಲೆ ಹಳ್ಳದ ದಾರಿ ಹಿಡಿಯುತ್ತದೆ.