ಬ್ಯಾಲೆಟ್ ಕಳ್ಸೋದು ಸುಲಭ, ಅದು ಕಾರವಾರಕ್ಕೆ ವಾಪಸ್ ಬರ್ಬೇಕಲ್ಲ

2020ರ ಏಪ್ರಿಲ್, ಲಾಕ್‌ಡೌನ್ ಟೈಮು, ದುಬೈನಲ್ಲಿರೋ ಭಟ್ಕಳದವ್ರೊಬ್ರು ಫೋನ್ ಮಾಡಿದ್ರು. ಊರಲ್ಲಿದ್ದ ಅಮ್ಮನ ಔಷಧಿ ವಿಚಾರ ಮಾತಾಡ್ತಾ ಮಾತಾಡ್ತಾ ಕಡೆಗೆ "ಸರ್, ಈಗ ಇಲೆಕ್ಷನ್ ಬಂದ್ರೆ ನಮ್ದು ಎಂತ ಕತೆ, ಫ್ಲೈಟೇ ಇಲ್ವಲ್ಲ" ಅಂತ ಕೇಳಿದ್ರು. ನಾನು ಕಾರವಾರದ ಚುನಾವಣಾ ಶಾಖೆಯಲ್ಲಿ ಅಂಚೆ ಮತಪತ್ರದ ಟೇಬಲ್ ವರ್ಷಾನುಗಟ್ಲೆ ನೋಡ್ಕೊಂಡವ, ಆದ್ರೂ ಅವ್ರಿಗೆ ಹೇಳೋಕೆ ನನ್ನತ್ರ ಇದ್ದಿದ್ದು ಒಂದೇ ಉತ್ತರ, ಬರೋಕಾಗ್ದೇ ಹೋದ್ರೆ ವೋಟಿಲ್ಲ. ಅವತ್ತು ಫೋನ್ ಇಟ್ಮೇಲೆ ತುಂಬಾ ಹೊತ್ತು ಬೇಜಾರಾಗಿತ್ತು.

ಕಾನೂನು ಹೇಳೋದು ಇಷ್ಟು. ಬೇರೆ ದೇಶದ ಪೌರತ್ವ ತಗೊಳ್ದೇ ಹೊರಗಡೆ ಇರೋ ಭಾರತೀಯರು 2011ರಿಂದ ನಮೂನೆ 6-ಎ ತುಂಬಿ, ಪಾಸ್‌ಪೋರ್ಟ್‌ನಲ್ಲಿರೋ ಊರಿನ ವಿಳಾಸದ ಮೇಲೆ ಮತದಾರರ ಪಟ್ಟಿಗೆ ಸೇರ್ಬಹುದು. ಆದ್ರೆ ವೋಟ್ ಹಾಕೋಕೆ ಒರಿಜಿನಲ್ ಪಾಸ್‌ಪೋರ್ಟ್ ಹಿಡ್ಕೊಂಡು ಸ್ವಂತ ಮತಗಟ್ಟೆಗೇ ಬರ್ಬೇಕು. 2019ರ ಲೋಕಸಭೆಗೆ ದೇಶದಾದ್ಯಂತ ಹತ್ತಿರ ಹತ್ತಿರ 1 ಲಕ್ಷ ಜನ ಹೀಗೆ ಹೆಸರು ಸೇರ್ಸಿದ್ರು, ವೋಟ್ ಹಾಕಿದ್ದು 25 ಸಾವಿರದ ಚಿಲ್ರೆ, ಅದ್ರಲ್ಲೂ ಬಹುತೇಕ ಎಲ್ಲಾ ಕೇರಳದವ್ರು. 2024ರಲ್ಲಂತೂ ಪಟ್ಟಿಯಲ್ಲಿದ್ದದ್ದು 1,19,374, ಬಂದದ್ದು ಬರೀ 2,958. ಇದನ್ನ ನೋಡಿ "ಅವ್ರಿಗೆ ಆಸಕ್ತಿ ಇಲ್ಲ ಬಿಡಿ" ಅನ್ನೋರು ಒಂದ್ಸಲ ಗಲ್ಫ್‌ನಲ್ಲಿ ಅಂಗಡಿ ಕೆಲ್ಸ ಮಾಡೋ ಹುಡುಗನ ಸಂಬಳ, ರಜೆ, ಟಿಕೆಟ್ ದರ ಮೂರೂ ಲೆಕ್ಕ ಹಾಕಿ ನೋಡ್ಬೇಕು.

ನನ್ನ ಮನಸ್ಸಿಗೆ ಹೆಚ್ಚು ಚುಚ್ಚೋದು ಇನ್ನೊಂದು ವಿಷ್ಯ. ಅದೇ ಗಲ್ಫ್ ದೇಶಗಳಲ್ಲಿ ನಮ್ಮ ರಾಯಭಾರ ಕಚೇರಿಯ ಸರ್ಕಾರಿ ಸಿಬ್ಬಂದಿ ಅಂಚೆಯಲ್ಲೇ ವೋಟ್ ಹಾಕ್ತಾರೆ, ಯಾಕಂದ್ರೆ ಅವ್ರು ಸೈನಿಕರ ಹಾಗೆ ಸೇವಾ ಮತದಾರರು. 2016ರಲ್ಲಿ ನಿಯಮ ತಿದ್ದಿದ ಮೇಲೆ ಬ್ಯಾಲೆಟ್ ಇವ್ರಿಗೆ ಕಂಪ್ಯೂಟರ್‌ನಲ್ಲೇ ಹೋಗುತ್ತೆ, ಇಟಿಪಿಬಿಎಸ್ ಅಂತ ಕರೀತೀವಿ. ಓಟಿಪಿ ಹಾಕಿ ಡೌನ್‌ಲೋಡ್, ಪಿನ್ ಹಾಕಿದ್ರೆ ಪ್ರಿಂಟ್. ಗುರುತು ಹಾಕಿದ ಮತಪತ್ರ 13-ಬಿ ಅನ್ನೋ ಒಳಗಿನ ಕವರಿಗೆ, ಅದೂ 13-ಎ ಘೋಷಣೆ ಪತ್ರವೂ ಸೇರಿ 13-ಸಿ ಅನ್ನೋ ಹೊರಗಿನ ಕವರಿಗೆ, ಆಮೇಲೆ ಅಂಚೆಗೆ. ಅಂದ್ರೆ ಹೋಗೋದು ಮಿಂಚಿನ ಹಾಗೆ, ಬರೋದು ಮಾತ್ರ ಅದೇ ಅಂಚೆ ಚೀಲದಲ್ಲಿ.

ಎಣಿಕೆ ದಿನ ಈ ಕವರುಗಳನ್ನ ಬಿಡಿಸೋ ಟೇಬಲ್ ಹತ್ರ ನೀವು ಒಂದ್ಸಲ ನಿಲ್ಬೇಕು. ಮೊದ್ಲು ಹೊರಗಿನ ಕವರಿನ ಕ್ಯೂಆರ್ ಕೋಡ್ ಸ್ಕ್ಯಾನ್, ಆಮೇಲೆ ಘೋಷಣೆದ್ದು, ಆಮೇಲೆ ಒಳಗಿನ ಕವರಿಂದು. ಒಂದೇ ಮತದಾರನ ಹೆಸ್ರಲ್ಲಿ ಎರಡು ಕವರ್ ಬಂದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಘೋಷಣೆಯಲ್ಲಿ ಸಹಿ ಇಲ್ವಾ, ಅಧಿಕಾರಿ ದೃಢೀಕರಿಸಿಲ್ವಾ, ಮತಪತ್ರದ ನಂಬರು ಘೋಷಣೆಯಲ್ಲೂ ಒಳಗಿನ ಕವರಿನ ಮೇಲೂ ತಾಳೆ ಆಗ್ತಿಲ್ವಾ, ಒಳಗಿನ ಕವರ್ ಒಡೆಯೋದೇ ಇಲ್ಲ, ತಿರಸ್ಕೃತ ಅಂತ ಬರ್ದು ಪಕ್ಕಕ್ಕೆ. ಬೆಳಿಗ್ಗೆ 8 ಗಂಟೆ ಒಳಗೆ ಬಂದದ್ದಕ್ಕಷ್ಟೇ ಲೆಕ್ಕ. ಎರಡು ದಿನ ಬಿಟ್ಟು ಬಂದ ಕವರುಗಳನ್ನ ತಾರೀಕು, ಟೈಮು ಬರ್ದು ಒಡೀದೇ ಕಟ್ಟಿಡ್ತಿದ್ವಿ, ಎಲ್ಲೋ ಗಡಿಯಲ್ಲಿ ನಿಂತವ ನಮ್ಮ ಅಂಕೋಲಾ ಹುಡುಗ ಇರ್ಬಹುದು ಅಂತ ಅನ್ನಿಸ್ತಾ ಇತ್ತು.

ಹಾಗಾಗಿ ಇಡೀ ವ್ಯವಸ್ಥೆಯನ್ನ ಎಣಿಕೆ ದಿನದಿಂದ ಹಿಂದಕ್ಕೆ ಲೆಕ್ಕ ಹಾಕ್ಬೇಕು ಅನ್ನೋದೇ ನಾನು ಕಲ್ತ ಪಾಠ. 2023ರ ವಿಧಾನಸಭೆ ತಗೊಳ್ಳಿ. ನಾಮಪತ್ರ ವಾಪಸ್ ತಗೊಳೋಕೆ ಕೊನೇ ದಿನ ಏಪ್ರಿಲ್ 24, ಅಲ್ಲೀವರೆಗೆ ಕಣದಲ್ಲಿ ಯಾರಿದಾರೆ ಅನ್ನೋದೇ ಗೊತ್ತಿಲ್ಲ, ಬ್ಯಾಲೆಟ್ ತಯಾರಾಗಲ್ಲ. ಎಣಿಕೆ ಮೇ 13. ನಡುವೆ 19 ದಿನ! ಅಮೆರಿಕದಲ್ಲಿ 2009ರ ಕಾನೂನು ಬಂದ್ಮೇಲೆ ಹೊರದೇಶದಲ್ಲಿರೋ ಮತದಾರರು ಮೊದ್ಲೇ ಕೇಳಿದ್ರೆ ಬ್ಯಾಲೆಟ್ಟನ್ನ 45 ದಿನ ಮುಂಚೆ ಕಳಿಸ್ಲೇಬೇಕು. ನಮ್ಮಲ್ಲಿ ಲೋಕಸಭೆಗೆ ಹಂತ ಹಂತವಾಗಿ ಮತದಾನ ಆಗೋದ್ರಿಂದ ಸ್ವಲ್ಪ ಉಸಿರು ಸಿಗುತ್ತೆ, 2019ರಲ್ಲಿ ಉತ್ತರ ಕನ್ನಡದ ಮತದಾನ ಏಪ್ರಿಲ್ 23, ಎಣಿಕೆ ಮೇ 23. ವಿಧಾನಸಭೆಗೆ ಆ ಪುಣ್ಯ ಇಲ್ಲ.

ಈ 19 ದಿನದ ಲೆಕ್ಕಕ್ಕೆ ಈಗ ಮಹಾಮಾರಿ ಸೇರ್ಸಿ. ವಿದೇಶದ ಪತ್ರಗಳು ಹೆಚ್ಚಾಗಿ ಪ್ಯಾಸೆಂಜರ್ ವಿಮಾನದ ಹೊಟ್ಟೆಯಲ್ಲೇ ಬರೋದು, ನಾವು ಮೇಲೆ ಕೂತಿರ್ತೀವಿ, ಚೀಲ ಕೆಳಗಿರುತ್ತೆ. 2020ರ ಮಾರ್ಚ್ ಕೊನೇ ವಾರ ನಿಂತ ಮಾಮೂಲಿ ಅಂತಾರಾಷ್ಟ್ರೀಯ ವಿಮಾನ ಸಂಚಾರ ಪೂರ್ತಿ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ಜನ ಹಾರೋದು ನಿಂತ್ರೆ ಕಾಗದವೂ ನಿಲ್ಲುತ್ತೆ. ಬೆಂಗಳೂರಿಗೆ ಬಂದಿಳಿದ್ರೂ ನಮ್ಮ ಕರಾವಳಿಗೆ ಘಟ್ಟ ಇಳೀಬೇಕು, 2021ರ ಜುಲೈನಲ್ಲಿ ಅರಬೈಲ್ ಘಟ್ಟ ಕುಸಿದು ರಸ್ತೆ ಬಂದಾದ್ದು ಯಾರೂ ಮರ್ತಿಲ್ಲ. ಇನ್ನು ಆ ಘೋಷಣೆಗೆ ಅಧಿಕಾರಿ ಸಹಿ ಬೇಕಲ್ಲ, ರಾಯಭಾರ ಕಚೇರಿ ಬಾಗಿಲು ಹಾಕಿದ್ರೆ, ಮತದಾರನೇ ಕ್ವಾರಂಟೈನ್‌ನಲ್ಲಿದ್ರೆ, ಸಹಿ ಎಲ್ಲಿಂದ ತರೋದು?

ಬೇರೆ ದೇಶಗಳೂ ಇದ್ರಲ್ಲಿ ಒದ್ದಾಡಿವೆ. ದಕ್ಷಿಣ ಕೊರಿಯಾ 2020ರ ಏಪ್ರಿಲ್ 15ಕ್ಕೆ ಚುನಾವಣೆ ಮಾಡಿದ್ದನ್ನ ಜಗತ್ತೆಲ್ಲ ಹೊಗಳ್ತು, ಆದ್ರೆ ಹೊರದೇಶದಲ್ಲಿರೋ ಅವ್ರ ಮತದಾರರು ರಾಯಭಾರ ಕಚೇರಿಗೇ ಹೋಗಿ ಹಾಕ್ಬೇಕಿತ್ತು, 55 ದೇಶಗಳಲ್ಲಿ ಮತಗಟ್ಟೆನೇ ತೆರೀಲಿಲ್ಲ. ನೋಂದಾಯಿಸಿದವ್ರಲ್ಲಿ ಹಾಕಿದ್ದು ಶೇ. 23.8 ಮಾತ್ರ. ಪೋಲೆಂಡ್ ಅದೇ ಜೂನ್‌ನಲ್ಲಿ ಎಷ್ಟೋ ದೇಶಗಳಲ್ಲಿ ಪೂರ್ತಿ ಅಂಚೆಗೇ ಹೋಯ್ತು, ಕೆಲವ್ರಿಗೆ ಪ್ಯಾಕೆಟ್ ಸಿಕ್ಕಿದ್ದೇ ತಡವಾಗಿ. ನ್ಯೂಜಿಲೆಂಡ್‌ದು ಬೇರೆ ದಾರಿ, ಡೌನ್‌ಲೋಡ್ ಮಾಡಿ ತುಂಬಿ ಸ್ಕ್ಯಾನ್ ಮಾಡಿ ವಾಪಸ್ ಅಪ್‌ಲೋಡ್ ಮಾಡ್ಬಹುದು. ಕೆಲ್ಸ ವೇಗ ಆಗುತ್ತೆ ಹೌದು, ಆದ್ರೆ ಗುಟ್ಟಿನ ಮತ ಸರ್ವರ್‌ನಲ್ಲಿ ಬಿಚ್ಚಿದ ಹಾಗೆ ಬರುತ್ತಲ್ಲ, ನಮ್ಮಲ್ಲಿ ಅದನ್ನ ಯಾವ ಪಕ್ಷದ ಏಜೆಂಟೂ ಒಪ್ಪಲ್ಲ, ನಾನೂ ಒಪ್ಪಲ್ಲ. ಎರಡು ಕವರಿನ ಕ್ರಮಕ್ಕೆ ಒಂದು ಅರ್ಥ ಇದೆ.

ನಮ್ಮ ಚುನಾವಣಾ ಆಯೋಗ ಸುಮ್ನೆ ಕೂತಿರ್ಲಿಲ್ಲ. 2020ರ ನವೆಂಬರ್ 27ರಂದು ಕಾನೂನು ಸಚಿವಾಲಯಕ್ಕೆ ಪತ್ರ ಬರೀತು, ಇಟಿಪಿಬಿಎಸ್ ಸೌಲಭ್ಯವನ್ನ ಅನಿವಾಸಿ ಮತದಾರರಿಗೂ ಕೊಡೋಣ, ಕೇರಳ, ತಮಿಳುನಾಡು, ಬಂಗಾಳ ಎಲ್ಲಾ ಸೇರಿದ 2021ರ ಚುನಾವಣೆಗೇ ನಾವು ತಯಾರು ಅಂತ. ಮೊದಲ ಹಂತದಲ್ಲಿ ಗಲ್ಫ್ ಇರಲ್ಲ ಅಂತ ಆಗ ಪತ್ರಿಕೆಗಳಲ್ಲಿ ಓದಿ ನಂಗೆ ಭಟ್ಕಳ, ಹೊನ್ನಾವರದ ಮನೆಗಳೇ ಕಣ್ಮುಂದೆ ಬಂದ್ವು. ಕೊನೆಗೆ ಯಾರಿಗೂ ಸಿಗ್ಲಿಲ್ಲ. ಅದಕ್ಕೂ ಮುಂಚೆ ಬದಲಿ ವ್ಯಕ್ತಿಯಿಂದ ಮತ ಹಾಕ್ಸೋ ಮಸೂದೆ 2018ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಪಾಸಾಗಿ, ಮುಂದೆ ಹೋಗ್ದೇ ಬಿದ್ದೋಗಿತ್ತು.

ನನ್ನ ಕೇಳಿದ್ರೆ ಹೋಗೋದು ಇಟಿಪಿಬಿಎಸ್‌ನಲ್ಲೇ ಹೋಗ್ಲಿ. ಬರೋದು ಮಾತ್ರ ಮತದಾರನ ತಲೆಮೇಲೆ ಹಾಕ್ಬಾರ್ದು, ರಾಯಭಾರ ಕಚೇರಿಯಲ್ಲಿ ಸೀಲ್ ಹಾಕಿದ ಪೆಟ್ಟಿಗೆ ಇಟ್ಟು, ಅಲ್ಲೇ ಸಹಿ ಮಾಡ್ಸಿ, ಅವ್ರೇ ಒಟ್ಟಿಗೆ ಸರ್ಕಾರಿ ಚೀಲದಲ್ಲಿ ತರ್ಬೇಕು. ಕಚೇರಿ ಮುಚ್ಚೋ ಪರಿಸ್ಥಿತಿ ಬಂದ್ರೆ ದೃಢೀಕರಣ ವಿಡಿಯೋ ಕಾಲ್‌ನಲ್ಲಿ ಆಗ್ಬೇಕು, ಕವರನ್ನ ಮನೆಯಿಂದಲೇ ಕೊರಿಯರ್‌ನವ್ರು ಒಯ್ಯೋ ಹಾಗಿರ್ಬೇಕು. ವಿಧಾನಸಭೆಯಲ್ಲಿ ಮತದಾನಕ್ಕೂ ಎಣಿಕೆಗೂ ನಡುವೆ ಕನಿಷ್ಠ ಇನ್ನೆರಡು ವಾರ ಸಿಗ್ಬೇಕು. ಊರಲ್ಲಿರೋ ಕೋವಿಡ್ ರೋಗಿಗೆ 12-ಡಿ ಫಾರ್ಮ್ ಮೇಲೆ ಅಂಚೆ ಮತ ಕೊಡೋಕೆ ನಿಯಮ ಕೆಲವೇ ತಿಂಗಳಲ್ಲಿ ತಿದ್ದಿದ್ರಲ್ಲ, ಮನಸ್ಸು ಮಾಡಿದ್ರೆ ಆಗುತ್ತೆ.

ಹಡಗಿನವ್ರ ವಿಷ್ಯ ಮಾತ್ರ ನಂಗೆ ಇನ್ನೂ ಬಗೆಹರಿದಿಲ್ಲ. ಕಾರವಾರ, ಕುಮಟಾದ ಎಷ್ಟೋ ಹುಡುಗ್ರು ಮರ್ಚೆಂಟ್ ನೇವಿಯಲ್ಲಿದಾರೆ. 2020ರಲ್ಲಿ ಜಗತ್ತಿನಾದ್ಯಂತ 4 ಲಕ್ಷದಷ್ಟು ನಾವಿಕರು ಅವಧಿ ಮುಗಿದ್ರೂ ಇಳಿಯೋಕಾಗ್ದೇ ಹಡಗಲ್ಲೇ ಉಳಿದ್ರು. ಅವ್ರಿಗೆ ರಾಯಭಾರ ಕಚೇರಿ ಎಲ್ಲಿ, ಅಂಚೆ ಡಬ್ಬಿ ಎಲ್ಲಿ? ಬಹುಶಃ ಕ್ಯಾಪ್ಟನ್ ಸಹಿ ಒಪ್ಕೊಂಡು, ಮುಂದಿನ ಬಂದರಿನ ಏಜೆಂಟ್ ಕೈಲಿ ಕವರ್ ಕೊಡೋದು ಒಂದು ದಾರಿ, ಆದ್ರೆ ಆ ಬಂದರಿಗೆ ಹಡಗು ಸೇರೋದು ಎಣಿಕೆ ಆದ್ಮೇಲೆ ಇದ್ರೆ?

ದುಬೈನವ್ರು ಹೋದ ತಿಂಗಳು ಮತ್ತೆ ಫೋನ್ ಮಾಡಿದ್ರು. ಈ ಸಲ ನಾನೇ ಹೇಳ್ದೆ, ಮೊದ್ಲು 6-ಎ ತುಂಬಿ, ಪಾಸ್‌ಪೋರ್ಟ್‌ನಲ್ಲಿರೋ ಮನೆಗೆ ಬಿಎಲ್‌ಒ, ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ, ವಿಚಾರಿಸೋಕೆ ಬರ್ತಾರೆ, ಅಮ್ಮಂಗೆ ಹೇಳಿಡಿ ಅಂತ. ಪಟ್ಟಿಯಲ್ಲಿ ಹೆಸ್ರೇ ಇಲ್ದವ್ರಿಗೆ ನಾಳೆ ಬ್ಯಾಲೆಟ್ ಕಳ್ಸೋ ವ್ಯವಸ್ಥೆ ಬಂದ್ರೂ ಕಳ್ಸೋದು ಯಾರಿಗೆ? "ಅಮ್ಮ ಈಗ ಮುರ್ಡೇಶ್ವರದಲ್ಲಿ ತಂಗಿ ಮನೇಲಿದಾರೆ ಸರ್, ಭಟ್ಕಳದ ಮನೆಗೆ ಬೀಗ" ಅಂದ್ರು. ಪಕ್ಕದ ಮನೆಯವ್ರಿಗಾದ್ರೂ ಹೇಳಿಡಿ ಅಂದೆ.