ನೆದರೂ ಅಲ್ಲ, ಜಗಳವೂ ಅಲ್ಲ

ಜಮಖಂಡಿ ಸಂತೆಯಿಂದ ತಂದ ಹನ್ನೆರಡು ಕೋಳಿ ಮರಿಗಳು ಹತ್ತು ದಿನ ಚೆನ್ನಾಗಿಯೇ ಇದ್ದವು. ಹನ್ನೊಂದನೇ ದಿನ ಬೆಳಿಗ್ಗೆ ನೋಡಿದರೆ ಒಂದರ ಬಾಲದ ಬುಡದಲ್ಲಿ ರಕ್ತ. ಉಳಿದವು ಅದರ ಬೆನ್ನು ಹತ್ತಿ ಕುಕ್ಕುತ್ತಿದ್ದವು. "ನೆದರಾಗೇತಿ, ಉಪ್ಪು ಮೆಣಸಿನಕಾಯಿ ಇಳಿಸಿ ಒಲ್ಯಾಗ ಒಗಿ" ಎಂದರು ದೊಡ್ಡವ್ವ. ನೆದರು ಅಂದರೆ ದೃಷ್ಟಿ, ಕೆಟ್ಟ ಕಣ್ಣು. ಪಕ್ಕದ ಮನೆಯ ಕಾಕಾ ಓದಿಕೊಂಡವರು. "ಹಂಗೇನಿಲ್ಲ ತಮ್ಮಾ, ಯಾರು ದೊಡ್ಡವರು ಅನ್ನೂ ಜಗಳ ಇದು. ಕೋಳಿಯೊಳಗ ಇರೂದ" ಎಂದರು.

ನನಗೆ ದೊಡ್ಡವ್ವನ ಮಾತಿಗಿಂತ ಕಾಕಾ ಮಾತೇ ಜಾಸ್ತಿ ಅಪಾಯ ಅನ್ನಿಸುತ್ತದೆ. ವಿಜ್ಞಾನದ ಹಾಗೆ ಕೇಳಿಸುತ್ತದಲ್ವಾ, ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಆ ಮಾತಿಗೆ ನೂರು ವರ್ಷದ ಚರಿತ್ರೆಯೂ ಇದೆ. ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಚಿಕ್ಕಂದಿನಿಂದಲೇ ಕೋಳಿಗಳ ಹುಚ್ಚು ಹಿಡಿಸಿಕೊಂಡವರು. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಅಂತ ಗಮನಿಸುತ್ತಲೇ ಬೆಳೆದರು. 1922ರಲ್ಲಿ ಅದನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಹಿಂಡಿನ ಪ್ರತಿ ಜೋಡಿಯಲ್ಲೂ ಒಂದು ಮೇಲು, ಒಂದು ಕೆಳಗೆ. ಮೇಲಿನದು ಕುಕ್ಕಬಹುದು, ಕೆಳಗಿನದು ಸುಮ್ನೆ ದಾರಿ ಬಿಡಬೇಕು. ಹನ್ನೆರಡು ಕೋಳಿ ಅಂದರೆ 66 ಜೋಡಿ, 66 ತೀರ್ಮಾನ. ಮುಖ, ಜುಟ್ಟು ನೋಡಿಯೇ ಅವು ಇದನ್ನು ನೆನಪಿಡುತ್ತವೆ. ಒಮ್ಮೊಮ್ಮೆ ಈ ಮೇಲು-ಕೆಳಗಿನ ಸಾಲು ಸುತ್ತು ಹೊಡೆಯುವುದೂ ಉಂಟು. ಕರಿಯದಕ್ಕೆ ಕೆಂಪು ಅಂಜುತ್ತದೆ, ಕೆಂಪಿಗೆ ಬಿಳಿ, ಬಿಳಿಗೆ ಮತ್ತೆ ಕರಿಯದು. ಗ್ರಾಮ ಪಂಚಾಯಿತಿ ರಾಜಕೀಯ ನೋಡಿದವರಿಗೆ ಇದೇನು ಹೊಸದಲ್ಲ.

ಆದರೆ ಹತ್ತು ದಿನದ ಮರಿಗಳಲ್ಲಿ ಈ ಸಾಲು ಇನ್ನೂ ಹುಟ್ಟಿಯೇ ಇರುವುದಿಲ್ಲ. ಎರಡು ಮೂರು ವಾರಕ್ಕೆ ಎದುರುಬದುರು ನಿಂತು, ಕುತ್ತಿಗೆ ಚಾಚಿ, ಎದೆಗೆ ಎದೆ ತಾಗಿಸಿ ಹಾರುತ್ತವೆ. ಗರಡಿ ಮನೆಗೆ ಹೊಸದಾಗಿ ಬಂದ ಹುಡುಗರ ಆಟ ಅದು. ಸಾಲು ಗಟ್ಟಿಯಾಗುವುದು ಆರರಿಂದ ಹತ್ತು ವಾರದ ಹೊತ್ತಿಗೆ. ಇನ್ನೊಂದು ಗುರುತು: ದರ್ಪದ ಏಟು ಸಾಮಾನ್ಯವಾಗಿ ತಲೆಗೆ ಬೀಳುತ್ತದೆ. ಬಾಲಕ್ಕಲ್ಲ.

ಹಾಗಾದರೆ ಬಾಲಕ್ಕೇಕೆ? ಇದಕ್ಕೆ ನೆದರು ಬಿಟ್ಟು ನೆದರ್ಲೆಂಡ್ಸ್‌ಗೆ ಹೋಗಬೇಕು. 1980ರ ದಶಕದಲ್ಲಿ ಅಲ್ಲಿನ ಬ್ಲೋಕ್‌ಹೌಸ್ ಎಂಬ ಸಂಶೋಧಕರು ಹೇಳಿದ್ದು ಇಷ್ಟು: ನೆಲ ಕುಕ್ಕಬೇಕಾದ ಕೊಕ್ಕು ನೆಲದಲ್ಲಿ ಏನೂ ಸಿಗದಾಗ ಗರಿಗೆ ತಿರುಗುತ್ತದೆ. ಕುಕ್ಕುವುದನ್ನು ಮರಿಗೆ ಯಾರೂ ಕಲಿಸಬೇಕಿಲ್ಲ. 1873ರಲ್ಲೇ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂಗ್ಲೆಂಡಿನ ಡಗ್ಲಾಸ್ ಸ್ಪಾಲ್ಡಿಂಗ್ ಎಂಬ ಪ್ರಾಣಿ ಸಂಶೋಧಕರು ಆಗಷ್ಟೇ ಹುಟ್ಟಿದ ಮರಿಗಳ ಕಣ್ಣಿಗೆ ಕುಲಾವಿ ಹಾಕಿ, ಒಂದರಿಂದ ಮೂರು ದಿನ ಬಿಟ್ಟು ತೆಗೆದಿದ್ದರು. ಲೋಕವನ್ನೇ ಕಾಣದಿದ್ದ ಮರಿಗಳು ಕೆಲವೇ ನಿಮಿಷಗಳಲ್ಲಿ ಹರಿದಾಡುವ ಹುಳಕ್ಕೆ ಗುರಿ ಇಟ್ಟು ಕುಕ್ಕಿದವು.

ಕೂಸಿಗೆ ಬಾಯಿ ಹೇಗೋ ಮರಿಗೆ ಕೊಕ್ಕು ಹಾಗೆ. ಸಿಕ್ಕಿದ್ದನ್ನೆಲ್ಲ ಅದರಿಂದಲೇ ಮುಟ್ಟಿ ನೋಡಬೇಕು. ತಾಯಿ ಜೊತೆ ತಿಪ್ಪೆಗೆ ಬಿಟ್ಟ ಮರಿ ದಿನವಿಡೀ ಕೆದರಿ ಕುಕ್ಕುತ್ತದೆ. ನನ್ನ ಮರಿಗಳಿಗೆ ಇದ್ದದ್ದು ರಟ್ಟಿನ ಡಬ್ಬಿ, ಪೇಪರ್ ಹಾಸು, ತಟ್ಟೆಯಲ್ಲಿ ಜೋಳದ ನುಚ್ಚು. ಹೊಟ್ಟೆ ತುಂಬಲು ಹತ್ತು ನಿಮಿಷ ಸಾಕು. ಕೊಕ್ಕಿನ ಚಪಲ ಮಾತ್ರ ತೀರಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತವನು ಅಂಗಿ ಗುಂಡಿ ತಿರುವುತ್ತಾನಲ್ಲ, ಅವನಿಗೇನು ಗುಂಡಿ ಮೇಲೆ ಸಿಟ್ಟಿರುತ್ತದೆಯೇ? ನೂಲು ಸಿಗದಿದ್ದರೆ ಮಗ್ಗ ಸುಮ್ಮನಿರುತ್ತದೆ. ಕೊಕ್ಕು ಹಾಗಲ್ಲ, ಎದುರಿಗಿದ್ದ ಬಾಲವನ್ನೇ ನೂಲು ಮಾಡಿಕೊಳ್ಳುತ್ತದೆ.

ಒಮ್ಮೆ ರಕ್ತ ಕಂಡರೆ ಕಥೆ ಬೇರೆ. ಆ ಕೆಂಪು ಚುಕ್ಕೆ ಎಲ್ಲವನ್ನೂ ಸೆಳೆಯುತ್ತದೆ. ಇಲ್ಲಿ ನಾನೂ ಒಂದು ಪೆದ್ದತನ ಮಾಡಿದೆ. ಗಾಯಕ್ಕೆ ಅರಿಶಿಣ, ಸುಣ್ಣ ಕಲೆಸಿ ಹಚ್ಚಿದೆ. ಸುಣ್ಣ ಸೇರಿದರೆ ಅರಿಶಿಣ ಕೆಂಪಾಗುತ್ತದೆ ಅನ್ನುವುದು ಆರತಿ ನೀರು ನೋಡಿದ ಯಾರಿಗೂ ಗೊತ್ತು. ಮರಿಗಳಿಗೆ ಇನ್ನೂ ದೊಡ್ಡ ಕೆಂಪು ಗುರಿ ಸಿಕ್ಕಿತು.

ಇನ್ನೊಂದು ತಪ್ಪು ಬಲ್ಬಿನದು. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಬಲ್ಬೇ ಬೇಡ. ನಾನು ಹಗಲೂ ಉರಿಸಿದ್ದೆ. ಸೆಖೆ, ಇಕ್ಕಟ್ಟು, ಕಣ್ಣು ಕುಕ್ಕುವ ಬೆಳಕು, ಮೂರೂ ಈ ಚಾಳಿಯನ್ನು ಹೆಚ್ಚಿಸುತ್ತವೆ. ಬರೀ ಜೋಳ ತಿಂದರೆ ಪ್ರೋಟೀನ್ ಸಾಲದು, ಅದೂ ಒಂದು ಕಾರಣ.

ಹಗಲು ಬಲ್ಬ್ ಆರಿಸಿದೆ. ಡಬ್ಬಿ ಬಿಟ್ಟು ಹಿತ್ತಲ ಕೋಣೆಗೆ ಬಿಟ್ಟೆ. ನೆಲಕ್ಕೆ ಕಡಲೆ ಹೊಟ್ಟು ಹರಡಿ, ನುಚ್ಚನ್ನು ಅದರೊಳಗೇ ಚೆಲ್ಲಿದೆ. ಹುಡುಕಿ ತಿನ್ನಲಿ ಅಂತ. ಮೆಂತ್ಯ ಸೊಪ್ಪಿನ ಕಟ್ಟೊಂದನ್ನು ತೂಗುಬಿಟ್ಟೆ. ಗಾಯದ ಮರಿಯನ್ನು ಅಲ್ಲೇ ತಂತಿ ಜಾಳಿಗೆಯ ಆಚೆ ಇಟ್ಟೆ. ಬೇರೆ ಕಡೆ ಒಯ್ದು ಬಹಳ ದಿನ ಇಟ್ಟರೆ ವಾಪಸ್ ಬಂದಾಗ ಅದು ಹೊಸಬರ ಲೆಕ್ಕ. ಗಾಯ ಒಣಗಿದ ಮೇಲೆ, ಒಂದು ರಾತ್ರಿ ದೀಪ ಆರಿಸಿ ಜಾಳಿಗೆ ತೆಗೆದೆ. ಬೆಳಿಗ್ಗೆ ಹನ್ನೆರಡೂ ಹೊಟ್ಟಿನಲ್ಲಿ ಕೊಕ್ಕು ತೂರಿಸಿದ್ದವು.

ಅಡುಗೆ ಮನೆಯಿಂದ ದೊಡ್ಡವ್ವನ ದನಿ ಕೇಳಿತು. "ನೋಡು, ಮೆಣಸಿನಕಾಯಿ ಸುಟ್ಟರೂ ಘಾಟ ಬರಲಿಲ್ಲ. ನೆದರ ಇತ್ತಂತನ ಅರ್ಥ." ನಾನು ಕೆಮ್ಮುತ್ತಲೇ ಹೋಗಿ ಕಿಟಕಿ ತೆಗೆದೆ.